ವೆಂಕೋಬರಾಯರು ಕಟ್ಟಿದ ದನಿ

ವೆಂಕೋಬರಾಯರು ಕಂಪ್ಯೂಟರಿನ ಮುಂದೆ ಕೂತರೆ ಮೊದಲು ಮಾಡುತ್ತಿದ್ದ ಕೆಲಸ ಮಾನಿಟರನ್ನು ಆರಿಸುವುದು. ಹೊಸಪೇಟೆಯ ಒಂದು ಖಾಸಗಿ ಡಿಪ್ಲೊಮಾ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ನಾನು ಸಹಾಯಕಿಯಾಗಿ ಸೇರಿದ ಮೊದಲ ದಿನವೇ ಅದನ್ನು ಕಂಡೆ. ಮಕ್ಕಳಿಗೆ ರಜೆ, ಲ್ಯಾಬು ಖಾಲಿ. ಮೂಲೆಯ ಕುರ್ಚಿಯಲ್ಲಿ ಬಿಳಿ ಅರ್ಧ ತೋಳಿನ ಅಂಗಿ ತೊಟ್ಟ ತೆಳ್ಳನೆಯ ಒಬ್ಬರು ಕಪ್ಪು ಪರದೆಯ ಎದುರು ಕೂತು ಟಕಟಕನೆ ಕೀಲಿ ಒತ್ತುತ್ತಿದ್ದರು. ಕಿವಿಯಲ್ಲಿ ಇಯರ್‌ಫೋನು, ಮುಖ ಕಿಟಕಿಯ ಕಡೆಗೆ. ಮಾನಿಟರ್ ಕೆಟ್ಟಿರಬೇಕೆಂದುಕೊಂಡು ನಾನು ಹೋಗಿ ಅದರ ಸ್ವಿಚ್ ಒತ್ತಿದೆ. ಪರದೆ ಬೆಳಗಿತು. ಅವರು ಕೈ ಚಾಚಿ ಮತ್ತೆ ಆರಿಸಿದರು.

"ಕೆಟ್ಟಿಲ್ಲವ್ವಾ ಅದು. ಕೆಡಾಕತ್ತಿದ್ದು ನನ್ನ ಕಣ್ಣು. ಇನ್ನೂ ಒಂದಿಷ್ಟು ಕಾಣಸ್ತದ. ಕಾಣೋ ಹೊತ್ತಿನ್ಯಾಗ ಕಾಣದ್ದನ್ನ ರೂಢಿ ಮಾಡ್ಕೋಬೇಕು ನೋಡು. ಯಾವೂರು ನಿಂದು?"

"ಬಂಡ್ರಿ ಸರ್, ಸಂಡೂರು ತಾಲ್ಲೂಕು."

"ಹೌದಾ? ಹಂಗಾದ್ರ ಬಂಡ್ರಿಯವ್ವ. ಕುಂದ್ರು ಬಾ."

ಅಲ್ಲಿಂದ ಮುಂದೆ ಅವರ ಬಾಯಲ್ಲಿ ನನಗೆ ಅದೇ ಹೆಸರು. ಅವರಿಗೆ ಎಲ್ಲರೂ ಊರಿನ ಹೆಸರಿನವರೇ. ಪ್ರಿನ್ಸಿಪಾಲರು ಹಡಗಲಿ, ಅಟೆಂಡರು ಕೊಟ್ಟೂರು, ಕ್ಯಾಂಟೀನಿನವನು ಗಂಗಾವತಿ. ಮುಖಗಳು ಮಸುಕಾಗುತ್ತ ಬಂದಂತೆ ಜನರನ್ನು ಊರಿನಿಂದ, ಮಾತಿನ ಎಳೆತದಿಂದ ಗುರುತಿಟ್ಟುಕೊಳ್ಳುವುದನ್ನು ಕಲಿತಿದ್ದರು.

ಅವರು ಹಂಪಿಯವರು. ಅಲ್ಲಿನ ಒಂದು ಸಣ್ಣ ಹನುಮಪ್ಪನ ಗುಡಿಯ ಪೂಜೆ ಅವರ ಮನೆತನಕ್ಕೆ ಸೇರಿದ್ದು. ಆದರೆ ವೆಂಕೋಬರಾಯರಿಗೆ ಚಿಕ್ಕಂದಿನಿಂದಲೇ ಇರುಳುಗಣ್ಣು. ಗರ್ಭಗುಡಿಯ ಎಣ್ಣೆದೀಪದ ಬೆಳಕಿನಲ್ಲಿ ಏನೂ ಕಾಣದೆ, ಒಮ್ಮೆ ಅಭಿಷೇಕಕ್ಕೆ ಇಟ್ಟಿದ್ದ ಹಾಲಿನ ತಂಬಿಗೆಯನ್ನು ಕಾಲಿನಿಂದ ಉರುಳಿಸಿಬಿಟ್ಟರಂತೆ. ಪೂಜೆ ತಮ್ಮಂದಿರ ಪಾಲಾಯಿತು. ಇವರು ಓದಲು ಬಳ್ಳಾರಿಗೆ ಹೋಗಿ, ಆಮೇಲೆ ಈ ಕಾಲೇಜಿಗೆ ಕಂಪ್ಯೂಟರ್ ಮೇಷ್ಟ್ರಾಗಿ ಬಂದರು. "ಹನುಮಪ್ಪಗ ನಾ ಸರಿಬೀಳಲಿಲ್ಲ, ಕಂಪ್ಯೂಟರ್‌ಗೆ ಬಿದ್ದೆ" ಎನ್ನುತ್ತಿದ್ದರು.

ಮದುವೆಯ ಪ್ರಯತ್ನವೂ ಒಮ್ಮೆ ಆಗಿತ್ತು. ಹೆಣ್ಣು ನೋಡಲು ಕಂಪ್ಲಿಗೆ ಹೋದಾಗ ಸಂಜೆಯಾಗಿ, ಸರಿಯಾಗಿ ಅದೇ ಹೊತ್ತಿಗೆ ಕರೆಂಟ್ ಹೋಯಿತು. ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಎದುರು ನಿಂತಿದ್ದಾಳೆ, ಇವರು ಗಾಳಿಯಲ್ಲಿ ಕೈಯಾಡಿಸುತ್ತಿದ್ದಾರೆ. ಆಗ ಇವರೇ ಬಾಯಿ ಬಿಟ್ಟು ಹೇಳಿದರಂತೆ: "ನಿಮ್ಮ ಮಗಳ ಮುಖ ಇನ್ನೊಂದಿಷ್ಟು ವರ್ಷ ನೋಡ್ತೀನ್ರಿ, ಆಮ್ಯಾಲೆ ನೆನಪು ಮಾಡ್ಕೊಂಡು ಇರ್ತೀನಿ." ಅಲ್ಲಿಗೆ ಆ ಮಾತು ಮುಗಿಯಿತು. ಈ ಕಥೆ ಹೇಳುವಾಗ ಅವರು ನಗುತ್ತಿದ್ದರು. "ಉಪ್ಪಿಟ್ಟು ಮಾತ್ರ ಭಾಳ ಛಲೋ ಇತ್ತವ್ವಾ" ಎಂದು ಸೇರಿಸುತ್ತಿದ್ದರು.

ಹೊಸಪೇಟೆಯಲ್ಲಿ ಕಾಲುವೆಯ ಪಕ್ಕದ ಒಂದು ಮನೆಯ ಮಹಡಿಯ ಮೇಲೆ ಬಾಡಿಗೆಗೆ ಒಬ್ಬರೇ ಇದ್ದರು. ಕೆಳಗೆ ಮನೆಯೊಡತಿ ಗಂಗಮ್ಮ. ಹೊತ್ತು ಮುಳುಗುವ ಮೊದಲೇ ಮನೆ ಸೇರಬೇಕು, ಇಲ್ಲದಿದ್ದರೆ ದಾರಿ ಕಾಣದು. ಹಾಗಾಗಿ ಊರಿನ ಸಂಜೆಯೇ ಅವರ ಪಾಲಿಗೆ ಇರಲಿಲ್ಲ. ಸಂಜೆಯ ಮಿರ್ಚಿ ಬಂಡಿ, ಸ್ನೇಹಿತರ ಹರಟೆ, ಮದುವೆ ಮನೆಯ ಆರತಕ್ಷತೆ, ಯಾವುದೂ ಇಲ್ಲ. ಇದ್ದದ್ದು ಓದು. ಗ್ರಂಥಾಲಯದಿಂದ ಕಾದಂಬರಿಗಳನ್ನು ಚೀಲದ ತುಂಬ ತರುತ್ತಿದ್ದರು. ನಾನು ಸೇರುವ ಹೊತ್ತಿಗೆ ಆ ಓದೂ ಕೈಬಿಡತೊಡಗಿತ್ತು. ಅವರ ಕಾಯಿಲೆ ನೋಟದ ಅಂಚಿನಿಂದ ಒಳಗೆ ಬರುವಂಥದ್ದು. "ಸಾಲಿನ ನಡುವ ಒಂದ್ ಪದ ಕಾಣಸ್ತದ. ಅದರ ಹಿಂದಿಂದೂ ಇಲ್ಲ, ಮುಂದಿಂದೂ ಇಲ್ಲ. ಒಂದೊಂದೇ ಪದ ಹಿಡ್ಕೊಂಡು ಹೋಗೋದು, ಕತ್ತಲ್ಯಾಗ ಗ್ವಾಡಿ ಹಿಡ್ಕೊಂಡು ಹೋದಂಗ."

ಕಣ್ಣಿಲ್ಲದವರಿಗೆ ಪರದೆಯ ಮೇಲಿನದನ್ನು ಓದಿ ಹೇಳುವ ಒಂದು ಉಚಿತ ತಂತ್ರಾಂಶ ಇದೆ. ವಿಂಡೋಸ್‌ನಲ್ಲಿ ನಡೆಯುತ್ತದೆ, ಪೈಥಾನ್ ಭಾಷೆಯಲ್ಲಿ ಬರೆದದ್ದು. ಅದರ ಇಂಗ್ಲಿಷ್ ಚೆನ್ನಾಗಿತ್ತು, ಕೀಲಿ ಒತ್ತುವಾಗ ರಾಯರ ಕಿವಿಯಲ್ಲಿ ಇರುತ್ತಿದ್ದದ್ದು ಅದೇ. ಕನ್ನಡವನ್ನೂ ಅದು ಓದುತ್ತಿತ್ತು, ಆದರೆ ಲೋಹದ ತಗಡಿನ ಮೇಲೆ ಉಗುರು ಎಳೆದಂತೆ. ಒಂದು ಕಾದಂಬರಿಯನ್ನು ಅದರಲ್ಲಿ ಕೇಳಲು ಕೂತು, ಎರಡನೆಯ ಪುಟಕ್ಕೆ ಇಯರ್‌ಫೋನ್ ಕಿತ್ತು ಮೇಜಿನ ಮೇಲಿಟ್ಟರು. "ಸಾಯೋತನ ಇದರ ಜೋಡಿ ಸಂಸಾರ ಮಾಡಬೇಕೇನವ್ವಾ ನಾನು?" ಎಂದರು. ಆ ದಿನ ನಗಲಿಲ್ಲ.

ಆಮೇಲೆ ಎಲ್ಲಿಂದಲೋ ಹುಡುಕಿ ತೆಗೆದರು. ಯಾರೋ ವಿದ್ಯಾರ್ಥಿಗಳು ಸಿ ಭಾಷೆಯಲ್ಲಿ ಬರೆದು ಅರ್ಧಕ್ಕೆ ಬಿಟ್ಟ ಕನ್ನಡ ಓದುವ ಪ್ರೋಗ್ರಾಮು ಅಂತರ್ಜಾಲದಲ್ಲಿತ್ತು. ಮನುಷ್ಯರು ಉಚ್ಚರಿಸಿದ ಅಕ್ಷರಗಳ ಧ್ವನಿಯನ್ನು ಒಂದಕ್ಕೊಂದು ಹೊಲಿದು ಮಾತು ಮಾಡುವಂಥದ್ದು. ಆದರೆ ಅದು ವಿಂಡೋಸಿಗಿಂತ ಬೇರೆಯಾದ ಲಿನಕ್ಸ್‌ನಲ್ಲಿ ಮಾತ್ರ ನಡೆಯುತ್ತಿತ್ತು. ಅದನ್ನು ವಿಂಡೋಸ್‌ನಲ್ಲಿ ಕಂಪೈಲ್ ಮಾಡಿ, ಅಂದರೆ ಯಂತ್ರಕ್ಕೆ ತಿಳಿಯುವ ರೂಪಕ್ಕೆ ತಂದು, ಪೈಥಾನ್ ತನ್ನೊಳಗೆ ಕರೆದುಕೊಳ್ಳಬಹುದಾದ ಮಾಡ್ಯೂಲ್ ಆಗಿ ಕಟ್ಟಿದರೆ ಓದುವ ತಂತ್ರಾಂಶಕ್ಕೆ ಜೋಡಿಸಬಹುದು. ವಿಂಡೋಸ್‌ನ ಪೈಥಾನನ್ನು ಕಟ್ಟಿದ್ದು ಒಂದು ಕಂಪನಿಯ ಕಂಪೈಲರಿನಲ್ಲಿ. ರಾಯರು ಹಟ ಹಿಡಿದದ್ದು ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಉಚಿತ ಕಂಪೈಲರಿಗೆ.

"ಆ ಕಂಪನಿದರಾಗೇ ಮಾಡ್ರಿ ಸರ್, ಸುಲಭ ಆಗ್ತದಂತ" ಎಂದು ನಾನು ಒಮ್ಮೆ ಹೇಳಿದೆ.

"ಸುಲಭ ಅದ. ಆದ್ರ ನಾಳಿ ನಾ ಇಲ್ಲದಾಗ ಯಾವನೋ ಒಬ್ಬ ಕುರುಡ ಇದನ್ನ ತಾನೇ ಮತ್ತ ಕಟ್ಟಬೇಕು ಅಂದ್ರ? ಅವನು ಯಾರ ಬಾಗಿಲಿಗೂ ಹೋಗೋದು ಬ್ಯಾಡ."

ಹೀಗೆ ನನ್ನ ಕಣ್ಣು, ಅವರ ತಲೆ ಸೇರಿ ಕೆಲಸ ಶುರುವಾಯಿತು. ಕ್ಲಾಸು ಮುಗಿದ ಮೇಲೆ ಅವರು ಆಜ್ಞೆ ಟೈಪ್ ಮಾಡುವರು, ನಾನು ಮಾನಿಟರ್ ಹೊತ್ತಿಸಿ ದೋಷಗಳನ್ನು ಓದುವೆನು. ಇಂಗ್ಲಿಷ್ ದನಿ ಚುಕ್ಕೆ, ಅಡ್ಡಗೆರೆಗಳನ್ನೆಲ್ಲ ನುಂಗಿಬಿಡುತ್ತಿತ್ತು, ಅದಕ್ಕೇ ನಾನು ಬೇಕಾಗಿದ್ದೆ. ಮೊದಮೊದಲು ಅರ್ಥವಾಗದೆ ಗಿಳಿಯ ಹಾಗೆ ಓದುತ್ತಿದ್ದೆ. "ಬರೇ ಓದಬ್ಯಾಡ, ಅದು ಯಾಕ ಅಳಾಕತ್ತದ ಅಂತ ತಿಳ್ಕೊಂತ ಓದು" ಎನ್ನುತ್ತಿದ್ದರು. ಒಂದು ದೋಷ ಸರಿಮಾಡಿದರೆ ಅದರ ಹಿಂದೆ ಇನ್ನಷ್ಟು ಸಾಲುಗಟ್ಟಿ ನಿಂತಿರುತ್ತಿದ್ದವು. ವಾರಗಳು ಹೀಗೇ ಹೋದವು.

ಕೊನೆಗೊಂದು ದಿನ ಕಂಪೈಲರು ಏನೂ ಗೊಣಗದೆ ಸುಮ್ಮನಾಯಿತು. ಲ್ಯಾಬಿನ ಕಂಪ್ಯೂಟರಿನಲ್ಲಿ ಮಾಡ್ಯೂಲು ತೆರೆದುಕೊಂಡಿತು. ರಾಯರು ಅದನ್ನು ಮನೆಗೆ ಒಯ್ದರು. ಮರುದಿನ ಬೆಳಿಗ್ಗೆ ಬಂದಾಗ ಮುಖ ಸಣ್ಣದಾಗಿತ್ತು. ಅಲ್ಲಿ ಅದು ತೆರೆಯಲಿಲ್ಲ. 'ಸೂಚಿಸಿದ ಮಾಡ್ಯೂಲ್ ಸಿಗಲಿಲ್ಲ' ಎಂದು ಬರುತ್ತಿತ್ತು.

"ಫೈಲು ಅಲ್ಲೇ ಇರಬೇಕಲ್ಲ ಸರ್?" ಎಂದೆ.

"ಅದ. ಕೈಲೆ ಮುಟ್ಟಿ ತೋರಸ್ತೀನಿ ಅಂದ್ರೂ ಇಲ್ಲ ಅಂತದ." ತಲೆಯಾಡಿಸಿದರು. "ಇದು ಇಲ್ಲ ಅಂತಲ್ಲವ್ವಾ. ಇದಕ್ಕ ಬೇಕಾದವ್ರು ಮನ್ಯಾಗಿಲ್ಲ. ಅದನ್ನ ಹೇಳಾಕ ಬರವಲ್ದು ಅದಕ್ಕ."

ಅವರು ಹೇಳಿದ್ದು ನಿಜವಾಗಿತ್ತು. ಉಚಿತ ಕಂಪೈಲರು ತಾನು ಕಟ್ಟಿದ ಮಾಡ್ಯೂಲಿನ ಬೆನ್ನಿಗೆ ತನ್ನದೇ ಒಂದು ಸಣ್ಣ ಸಹಾಯಕ ಫೈಲು ಇರಲಿ ಎಂದು ಬಯಸುತ್ತದೆ. ಲ್ಯಾಬಿನಲ್ಲಿ ಕಂಪೈಲರ್ ಇದ್ದದ್ದರಿಂದ ಅದೂ ಇತ್ತು. ರಾಯರ ಮನೆಯಲ್ಲಿ ಇರಲಿಲ್ಲ. ಆ ಸಹಾಯಕವನ್ನೂ ಮಾಡ್ಯೂಲಿನೊಳಗೇ ಸೇರಿಸಿ ಕಟ್ಟುವುದಕ್ಕೆ ಒಂದು ಸೂಚನೆ ಇದೆ. ಅದನ್ನು ಹಾಕಿ ಮತ್ತೆ ಕಟ್ಟಿದೆವು. ಈಗ ಮನೆಯ ಪೈಥಾನ್ ಅದನ್ನು ಒಪ್ಪಿತು, ಓದುವ ತಂತ್ರಾಂಶ ಒಪ್ಪಲಿಲ್ಲ. ನಾವು ಕಟ್ಟಿದ್ದು ಅರವತ್ತನಾಲ್ಕು ಬಿಟ್ಟಿನದು, ತಂತ್ರಾಂಶ ಆಗ ಮೂವತ್ತೆರಡರದ್ದು, ಎರಡೂ ಒಂದಕ್ಕೊಂದು ಕೂಡುವುದಿಲ್ಲ. ಮತ್ತೆ ಬೇರೆ ಕಂಪೈಲರ್ ಇಳಿಸಿ, ಮೊದಲಿನಿಂದ ಶುರು. ನನಗೆ ಸಿಟ್ಟು ಬಂದಿತ್ತು. ರಾಯರು ಮಾತ್ರ ಶಾಂತವಾಗಿ ಚಹಾವನ್ನು ಬಸಿ ತಟ್ಟೆಗೆ ಸುರಿದುಕೊಂಡು ಕುಡಿಯುತ್ತಿದ್ದರು. "ಎಲ್ಲಿ ಹೋಗೋದದ ನನಗ? ಹೊತ್ತು ಮುಳುಗಿದ ಮ್ಯಾಲೆ ಒಂದು ಕೆಲಸ ಸಿಕ್ಕದಲ್ಲ."

ಮೊದಲ ಸಲ ಅದು ಮಾತಾಡಿದ್ದು ಅವರ ಮಹಡಿಯ ಮನೆಯಲ್ಲಿ, ಒಂದು ಮಧ್ಯಾಹ್ನ. ಗಂಗಮ್ಮನೂ ಹಿಟ್ಟಿನ ಕೈಯಲ್ಲೇ ಮೇಲೆ ಬಂದು ನಿಂತಿದ್ದರು. ಪ್ರೋಗ್ರಾಮು ಬರೆದ ವಿದ್ಯಾರ್ಥಿಗಳು ಯಾರೋ ಹುಡುಗನ ದನಿ ತುಂಬಿ, ಅರ್ಧದಷ್ಟು ಅಕ್ಷರಗಳನ್ನು ಬಿಟ್ಟಿದ್ದರು. ಅದು ನೆಗಡಿಯಾದವನಂತೆ, ನಡುನಡುವೆ ಬಿಕ್ಕುತ್ತ, ದಿನಪತ್ರಿಕೆಯ ಒಂದು ಸುದ್ದಿ ಓದಿತು. "ಅಯ್ಯ, ಯಾವನೋ ಮಲಗಿದ್ದವನನ್ನ ಎಬ್ಬಿಸಿ ಕುಂದ್ರಿಸೀರೇನ್ರೀ?" ಎಂದರು ಗಂಗಮ್ಮ. ರಾಯರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೂ ನೀರು ನಿಲ್ಲಲಿಲ್ಲ. ಅಂಗಿಯ ತೋಳಿನಿಂದ ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದರು.

"ಬಂಡ್ರಿಯವ್ವಾ, ನಿನ್ನ ದನಿ ಕೊಡ್ತಿಯೇನು?"

ಗಣಿಯಲ್ಲಿ ಅದಿರು ತುಂಬುವ ಕೆಲಸ ಮಾಡಿದವನ ಮಗಳು ನಾನು. ನನ್ನ ದನಿಯಲ್ಲಿ ಕೇಳುವಂಥದ್ದು ಏನಿದೆ ಎಂದು ನನಗೆ ನಾಚಿಕೆಯಾಯಿತು. ಹಾಗೇ ಹೇಳಿದೆ ಕೂಡ. "ಇಷ್ಟು ದಿನ ನನಗ ಎರರ್ ಓದಿ ಹೇಳಿದ್ದು ಆ ದನೀನ ಅಲ್ಲೇನು?" ಎಂದರು. "ಕೆಟ್ಟ ಸುದ್ದಿ ಇಷ್ಟು ಸಮಾಧಾನದಿಂದ ಓದಾಕಿ ನನಗ ಇನ್ನೆಲ್ಲಿ ಸಿಗ್ತಾಳ?"

ಭಾನುವಾರಗಳಂದು ಕಾಲೇಜಿನ ಲ್ಯಾಬಿನಲ್ಲಿ ಧ್ವನಿಮುದ್ರಣ. ಸದ್ದಾಗುತ್ತದೆಂದು ಫ್ಯಾನು ಬಂದ್, ಕಿಟಕಿ ಬಂದ್. ಹೊಸಪೇಟೆಯ ಬಿಸಿಲಿನಲ್ಲಿ ಬೆವರು ಇಳಿಯುತ್ತಿದ್ದರೆ ನಾನು ಕಾಗುಣಿತ ಹೇಳುತ್ತ ಕೂರಬೇಕು, ಪ್ರತಿ ಅಕ್ಷರವನ್ನೂ ಒಂದೇ ಎತ್ತರದಲ್ಲಿ, ಒಂದೇ ಬಿಗಿಯಲ್ಲಿ. ನನ್ನ ಬಾಯಲ್ಲಿ 'ಷ' ಎಂಬುದು 'ಸ' ಆಗಿಬಿಡುತ್ತಿತ್ತು. ರಾಯರು ಬಿಡಲಿಲ್ಲ. "ನಾಲಿಗಿ ಹಿಂದಕ್ಕ ಮಡಚು. ಹಾಂ. ಮತ್ತೊಮ್ಮೆ. ಇನ್ನೊಮ್ಮೆ." ನಾಲಿಗೆ ನೋಯುವವರೆಗೆ ಹೇಳಿಸಿದರು. ಅದಿರು ತುಂಬಿದ ಗೂಡ್ಸ್ ರೈಲು ಸಿಳ್ಳೆ ಹಾಕಿದಾಗಲೆಲ್ಲ ನಿಲ್ಲಿಸಬೇಕು. 'ಘೌ' ಎಂಬ ಒಂದು ಅಕ್ಷರದ ಬಾಲದಲ್ಲಿ ಆ ಸಿಳ್ಳೆ ಸೇರಿಕೊಂಡೇ ಹೋಯಿತು. ಅವರು ಎರಡು ಸಲ ಕೇಳಿ, "ಇರಲಿ ಬಿಡು. 'ಘೌ' ಅಂತ ಯಾರು ಬರೀತಾರ? ಬರದ್ರ ರೈಲು ಬರಲಿ" ಎಂದರು.

ಆ ಕೆಲಸ ಮುಗಿಯುವ ಹೊತ್ತಿಗೆ ಅವರಿಗೆ ಕಾಣುತ್ತಿದ್ದ ಆ ಒಂದು ಪದವೂ ಹೋಗಿತ್ತು. ಕಾಲೇಜಿನವರು ಮರ್ಯಾದೆಯಿಂದಲೇ ಕಳಿಸಿಕೊಟ್ಟರು, ಹಾರ ಹಾಕಿದರು, ಸಣ್ಣ ಗಡಿಯಾರ ಕೊಟ್ಟರು. ಗೋಡೆಯ ಗಡಿಯಾರ. ರಾಯರು ಅದರ ಟಿಕ್‌ಟಿಕ್ ಕೇಳಿ, "ಮಸ್ತ್ ಅದ" ಎಂದು ತಲೆದೂಗಿದರು.

ನಾನು ಮದುವೆಯಾಗಿ ಕಂಪ್ಲಿಯ ಹತ್ತಿರದ ಎಮ್ಮಿಗನೂರಿಗೆ ಹೋದೆ. ಭತ್ತ, ಕಬ್ಬಿನ ಊರು. ಕಂಪ್ಲಿಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವ ಕೆಲಸ ಸಿಕ್ಕಿತು. ಹೊಸಪೇಟೆಗೆ ಬಂದಾಗ ರಾಯರನ್ನು ಕಾಣದೆ ಹೋಗುತ್ತಿರಲಿಲ್ಲ. ಮೊದಲ ಸಲ ಹೋದಾಗ ಮೆಟ್ಟಿಲಲ್ಲೇ ಕಾಲು ನಿಂತುಬಿಟ್ಟಿತು. ಒಳಗಿಂದ ನನ್ನ ದನಿಯೇ ಕೇಳುತ್ತಿತ್ತು. ನಾನೆಂದೂ ಓದದ ಕಾದಂಬರಿಯೊಂದನ್ನು, ಒಂದೇ ಸಮನೆ, ಬೇಸರವಿಲ್ಲದೆ, ಉಸಿರಿಲ್ಲದೆ ಓದುತ್ತಿತ್ತು. ಒಳಗೆ ಹೋದೆ. ರಾಯರು ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು, ಎದುರಿಗೆ ಚಹಾ ತಣ್ಣಗಾಗಿತ್ತು. ನನ್ನ ಸದ್ದು ಕೇಳಿ ಕೀಲಿ ಒತ್ತಿ ನಿಲ್ಲಿಸಿದರು.

"ಬಾರವ್ವಾ. ಮುಂಜಾನಿಯಿಂದ ಮಾತಾಡಾಕತ್ತಿ, ದಣದಿರಬೇಕು."

ಅವರು ಆ ಮಾಡ್ಯೂಲನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಇಟ್ಟಿದ್ದರು, ಕಟ್ಟುವ ವಿಧಾನದ ಸಮೇತ. ಎಲ್ಲೆಲ್ಲಿಯವರೋ ಇಳಿಸಿಕೊಂಡರು. ಓದುವ ತಂತ್ರಾಂಶ ಹೊಸದಾಗಿ ಬಂದಾಗ ಕೆಲವೊಮ್ಮೆ ಅದರೊಳಗಿನ ಪೈಥಾನ್ ಬದಲಾಗುತ್ತಿತ್ತು, ಹಳೆಯ ಮಾಡ್ಯೂಲು ಹೊಂದದೆ ಕನ್ನಡ ನಿಂತುಹೋಗುತ್ತಿತ್ತು. ಆಗ ರಾಯರ ಫೋನು ಬಾಗಲಕೋಟೆ, ತುಮಕೂರು, ಬೀದರ ಅಂತ ಹೊಡೆದುಕೊಳ್ಳುತ್ತಿತ್ತು. ಎಲ್ಲರದೂ ಒಂದೇ ದೂರು: "ಸರ್, ಹುಡುಗಿ ಮಾತಾಡವಲ್ಲಳ್ರಿ." ರಾಯರು ಮತ್ತೆ ಕೂತು, ಒಬ್ಬರೇ, ಕಿವಿಯಿಂದಲೇ ದೋಷಗಳನ್ನು ಅಕ್ಷರ ಅಕ್ಷರವಾಗಿ ಕೇಳಿಕೊಳ್ಳುತ್ತ ಹೊಸದಾಗಿ ಕಟ್ಟಿ ಇಡುತ್ತಿದ್ದರು. ಕಟ್ಟಿ ಇಟ್ಟ ಮೇಲೆ ಫೋನು ನಿಲ್ಲುತ್ತಿತ್ತು. "ಸರಿ ಆದ ಕೂಡಲೇ ಯಾರೂ ಮಾತಾಡಿಸಂಗಿಲ್ಲ ನೋಡು" ಎಂದು ಒಮ್ಮೆ ಅಂದರು. ದೂರಿದಂತೆ ಅಲ್ಲ, ಹವಾಮಾನ ಹೇಳುವಂತೆ.

ನಾನು ಕೊನೆಯ ಸಲ ಅವರನ್ನು ಕಂಡದ್ದು ಒಂದು ಚಳಿಗಾಲದಲ್ಲಿ. ನನ್ನ ಗಂಡ ಹೊಲದ ಯಾವುದೋ ಕೆಲಸಕ್ಕೆಂದು ಊರೊಳಗೆ ಹೋದರು, ನಾನು ರಾಯರ ಮನೆಯಲ್ಲಿ ಉಳಿದೆ. ನಾನು ಒಳಗೆ ಹೋದ ಕೂಡಲೇ ರಾಯರು ಕಂಪ್ಯೂಟರನ್ನು ಪೂರ್ತಿ ಆರಿಸಿದರು. ಅದರ ಗುಂಯ್ ಎನ್ನುವ ಸದ್ದು ನಿಂತಾಗ ಕೋಣೆ ಎಷ್ಟು ಖಾಲಿ ಎಂಬುದು ನನಗೆ ಗೊತ್ತಾಯಿತು.

"ಇವತ್ತು ನೀನು ಮಾತಾಡು" ಎಂದರು. "ಆಕಿ ಬರೇ ಬರದದ್ದನ್ನ ಓದ್ತಾಳ."

"ಏನ್ ಮಾತಾಡಲಿ ಸರ್?"

"ಏನರ. ನಿಮ್ಮೂರಾಗ ಈಗ ಏನ್ ನಡದದ?"

ನಾನು ಹೇಳಿದೆ. ಭತ್ತದ ಕೊಯ್ಲು ಮುಗಿದದ್ದು, ಅತ್ತೆ ಎಮ್ಮೆಗೆ ಬೈಯುವ ಬೈಗುಳ, ಎಮ್ಮೆ ಅದಕ್ಕೆ ಬಾಲ ಬೀಸುವುದು, ಶಾಲೆಯಲ್ಲೊಂದು ಮಗು ಮೌಸನ್ನು ಮಾನಿಟರಿಗೆ ಒತ್ತಿ ತಿಕ್ಕಿದ್ದು. ಮಾತು ನಿಂತರೆ ಅವರು "ಮತ್ತ?" ಎನ್ನುವರು. ನಾನು ಇನ್ನೇನೋ ಹೇಳುವೆನು. "ಮತ್ತ?" ಇಲ್ಲದ ಸುದ್ದಿಯನ್ನೂ ಸೇರಿಸಿ ಹೇಳಿದೆ. ಅವರು ಗೋಡೆಗೆ ತಲೆಯಿಟ್ಟು, ಕಣ್ಣು ಮುಚ್ಚಿ, ತುಟಿಯ ಮೇಲೆ ಒಂದು ಸಣ್ಣ ನಗು ಇಟ್ಟುಕೊಂಡು ಕೇಳುತ್ತಿದ್ದರು. ಗಂಡ ಬಂದು ಕೆಳಗಿಂದ ಬೈಕಿನ ಹಾರನ್ ಒತ್ತಿದರು. ಎದ್ದೆ. ರಾಯರು ನನ್ನ ಜೊತೆ ಮೆಟ್ಟಿಲ ತುದಿಯವರೆಗೆ ಬಂದರು.

"ನನಗ ಫೋನ್ ಮಾಡೋರಿಗೆ ನಿನ್ನ ನಂಬರೂ ಕೊಟ್ಟೀನಿ. ತಪ್ಪು ತಿಳೀಬ್ಯಾಡ."

"ಇರಲಿ ಬಿಡ್ರಿ ಸರ್."

"ಹುಷಾರಿಲೆ ಹೋಗು."

ಬೇಸಿಗೆಯಲ್ಲಿ ಗಂಗಮ್ಮನ ಫೋನು ಬಂತು. ರಾಯರು ಹೋಗಿಬಿಟ್ಟಿದ್ದರು, ಕೂತಲ್ಲೇ, ಚಾಪೆಯ ಮೇಲೆ. ಹಂಪಿಯಿಂದ ತಮ್ಮಂದಿರು ಬಂದು ಎಲ್ಲ ಮುಗಿಸಿದ ಮೇಲೆ ನಾನು ತಲುಪಿದೆ. ಗಂಗಮ್ಮ ಮೆಟ್ಟಿಲ ಮೇಲೆ ಕೂತು ನನ್ನ ಕೈ ಹಿಡಿದುಕೊಂಡರು.

"ಮುಂಜಾನೆ ಚಾ ಒಯ್ಯಾಕ ಹೋಗಿದ್ದೆ ಕಣವ್ವಾ. ಒಳಗ ಓದಾಕತ್ತಿತ್ತು ನಿನ್ನ ದನಿ. ಕೇಳಾಕತ್ತಾರ, ನಡುವ ಯಾಕ ಹೋಗ್ಲಿ ಅಂತ ಬಾಗಿಲಾಗ ಇಟ್ಟು ಬಂದೆ. ಮಧ್ಯಾಹ್ನ ಹೋದ್ರೂ ಓದಾಕತ್ತಿತ್ತು. ಚಾ ಹಂಗೇ ಇತ್ತು." ಸೆರಗಿನಿಂದ ಬಾಯಿ ಒತ್ತಿಕೊಂಡರು. "ಓದೋದು ನಿಂತಿದ್ರ ಆವಾಗ್ಲೇ ಗೊತ್ತಾಗ್ತಿತ್ತು ನನಗ."

ಅವರ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತೆ. ಕಾಲುವೆಗೆ ನೀರು ಬಿಟ್ಟಿರಲಿಲ್ಲ. ಮೇಲಿನ ಕೋಣೆಗೆ ನಾನು ಹೋಗಲಿಲ್ಲ.

ಮಳೆಗಾಲ ಹಿಡಿದ ಮೇಲೆ ಒಂದು ದಿನ, ಶಾಲೆ ಬಿಟ್ಟು ಬಸ್ಸಿಗೆ ಕಾಯುತ್ತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಸಿಂಧನೂರಿನ ಕಡೆಯವರು, ಮೌನೇಶ ಎಂದು ಹೆಸರು, ಹುಟ್ಟಿನಿಂದಲೇ ಕಣ್ಣಿಲ್ಲದವರು. ಗ್ರಾಮ ಪಂಚಾಯ್ತಿ ಕಚೇರಿಯಲ್ಲಿ ಕೆಲಸ. ಅವರೇ ಮೊದಲು ಮಾತಾಡಿದರು.

"ನಮಸ್ಕಾರ್ರಿ. ಹೊಸಪೇಟಿ ರಾಯರು ಈ ನಂಬರ್ ಕೊಟ್ಟಿದ್ರು. ಅವರು ಫೋನ್ ಎತ್ತವಲ್ಲರು. ಹೊಸಾ ಅಪ್ಡೇಟ್ ಹಾಕ್ದೆ ನೋಡ್ರಿ, ಅವಾಗಿನಿಂದ ಹುಡುಗಿ ಮಾತಾಡವಲ್ಲಳು."

"ನಮಸ್ಕಾರ. ಹೇಳ್ರಿ, ನಾನು ಅವರ ಜೊತೆ ಕೆಲಸ ಮಾಡ್ತಿದ್ದೆ" ಎಂದೆ.

ಆ ಕಡೆ ಸದ್ದಿಲ್ಲ. ಕರೆ ಕಡಿದುಹೋಯಿತೇ ಎಂದು ಫೋನು ನೋಡಿದೆ. ಕಡಿದಿರಲಿಲ್ಲ.

"ಅವ್ವಾ" ಎಂದರು ಅವರು, ದನಿ ತಗ್ಗಿಸಿ. "ನೀವು ನಮ್ಮ ಮನ್ಯಾಗ ಮಾತಾಡಾಕಿ ಅಲ್ಲೇನ್ರಿ?"

ಹೌದು ಎಂದೆ. ಸುಮ್ಮನೆ ನಗು ಬಂತು. ಆಚೆಯಿಂದ ಅವರು ಹೆಂಡತಿಯನ್ನು ಕೂಗಿ ಕರೆಯುವುದು ಕೇಳಿಸಿತು, "ಏ, ಬಾ ಇಲ್ಲಿ, ಆಕೀನ ಫೋನಿನ್ಯಾಗ ಅದಾಳ!" ಅಷ್ಟು ಖುಷಿ. ಅದನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಆದರೆ ಅವರು ಮತ್ತೆ ಕೇಳಿದರು: "ರಾಯರು ಆರಾಮ್ ಅದಾರಲ್ರಿ?"

ಹೇಳಿದೆ. ಬೇಸಿಗೆಯಲ್ಲಿ ಹೋದರು, ಕೂತಲ್ಲೇ ಹೋದರು, ನೋವು ಪಡಲಿಲ್ಲ ಅನ್ನಿಸುತ್ತದೆ ಎಂದು. ಸಮಾಧಾನದಿಂದಲೇ ಶುರುಮಾಡಿದೆ. ಇಷ್ಟು ತಿಂಗಳು ಬಾರದ ಅಳು, ಕಂಪ್ಲಿಯ ಬಸ್ ಸ್ಟ್ಯಾಂಡಿನಲ್ಲಿ, ಮುಖ ಕಾಣದ ಮನುಷ್ಯನೊಬ್ಬನ ಮುಂದೆ ಬಂತು. ಪಕ್ಕದಲ್ಲಿ ನಿಂತಿದ್ದ ಮುದುಕಿಯೊಬ್ಬಳು ತಿರುಗಿ ನೋಡಿದಳು.

ನನ್ನ ಅಳು ನಿಂತ ಮೇಲೆ ಮೌನೇಶ ನಿಧಾನವಾಗಿ ಹೇಳಿದರು:

"ದಿನಾ ಕೇಳ್ತೀನ್ರವ್ವಾ ನಾನು. ಈ ದನಿ ಅಳೋದು ಕೇಳಿದ್ದಿಲ್ಲ."

ನನ್ನ ಬಸ್ಸು ಬಂತು, ನಿಂತಿತು, ಹೋಯಿತು. ನಾನು ಸೆರಗಿನಿಂದ ಮೂಗೊರೆಸಿಕೊಂಡು, ಅವರ ಕಂಪ್ಯೂಟರಿನಲ್ಲಿ ಯಾವ ವಿಂಡೋಸ್ ಇದೆ ಎಂದು ಕೇಳಿದೆ.